ರೋಟೊರುವಾ ಹೋಟೆಲಲ್ಲಿ ಮಾವೋರಿ ಪದ್ಧತಿ: ಲಾಂಡ್ರಿಯಿಂದ ಶುರು ಮಾಡಿದ್ದು

ನ್ಯೂಜಿಲೆಂಡಿನ ರೋಟೊರುವಾದಲ್ಲಿ ಒಂದು ಹೋಟೆಲಲ್ಲಿ ಹೌಸ್‌ಕೀಪಿಂಗ್ ಸೂಪರ್‌ವೈಸರ್ ಆಗಿದ್ದೆ, ಈಗ ಡ್ಯೂಟಿ ಮ್ಯಾನೇಜರ್. ಹೋಟೆಲಿಗೆ ಇಲ್ಲಿನ ಮೂಲನಿವಾಸಿಗಳಾದ ಮಾವೋರಿಗಳ ಸಂಸ್ಕೃತಿ ತರೋದು ಅಂದ್ರೆ ಲಾಬಿಲಿ ಒಂದು ಮರದ ಕೆತ್ತನೆ, ಸಂಜೆಗೊಂದು ಹಾಕಾ (ಕೂಗಿ ಕುಣಿಯೋ ಅವರ ಗುಂಪು ನೃತ್ಯ) ಶೋ, ಮುಗೀತು ಅನ್ನೋರೇ ಜಾಸ್ತಿ. ನಾವು ಶುರು ಮಾಡಿದ್ದು ಲಾಂಡ್ರಿ ರೂಮಿಂದ, ಈಗ್ಲೂ ಯಾರಾದ್ರೂ ಕೇಳಿದ್ರೆ ಅಲ್ಲಿಂದ್ಲೇ ಶುರು ಮಾಡಿ ಅಂತೀನಿ.

ಮಾವೋರಿಗಳಲ್ಲಿ ತಪು ಅಂದ್ರೆ ಪವಿತ್ರ, ಮುಟ್ಟುಮಿತಿ ಇರೋದು, ನೋವಾ ಅಂದ್ರೆ ಅಂಥ ಕಟ್ಟಿಲ್ಲದ ಸಾಮಾನ್ಯದ್ದು, ಅಂತ ಎರಡಿದೆ. ಮೈಗೆ ಸಂಬಂಧಪಟ್ಟಿದ್ದು, ಅದರಲ್ಲೂ ತಲೆ, ತಪು. ಊಟ ಅಡುಗೆ ನೋವಾ, ಇವೆರಡೂ ಒಂದಕ್ಕೊಂದು ಸೇರಬಾರದು. ಮನೇಲಿ ಅಜ್ಜಿ ಮಡಿ ಮುಸುರೆ ಅಂತ ಮಾಡ್ತಿದ್ದದ್ದನ್ನ ನೋಡಿ ಬೆಳೆದ ನನಗೆ ಇದನ್ನ ಯಾರೂ ಎರಡು ಸಲ ಹೇಳಬೇಕಾಗಲಿಲ್ಲ. ಪಾತ್ರೆ ಒರೆಸೋ ಬಟ್ಟೆ, ನ್ಯಾಪ್ಕಿನ್, ಟೇಬಲ್ ಕ್ಲಾತ್ ಒಂದು ಬಣ್ಣದ ಬ್ಯಾಗಿಗೆ, ಬಾತ್ ಟವೆಲ್, ಬೆಡ್‌ಶೀಟ್ ಇನ್ನೊಂದಕ್ಕೆ, ಮೆಷಿನ್‌ಗೂ ಬೇರೆ ಬೇರೆ ಲೋಡು. ಆಮೇಲೆ ದಿಂಬು. ಹಾಸಿಗೆ ಬಿಚ್ಚುವಾಗ ದಿಂಬನ್ನ ನೆಲಕ್ಕೆ ಹಾಕೋಹಾಗಿಲ್ಲ, ಕುರ್ಚಿ ಮೇಲೂ ಇಲ್ಲ, ಅದು ಕೂರೋ ಜಾಗ ತಾನೇ, ಅದಕ್ಕೇ ಟ್ರಾಲಿಯ ಮೇಲಿನ ಶೆಲ್ಫನ್ನ ದಿಂಬಿಗೇ ಅಂತ ಖಾಲಿ ಬಿಟ್ವಿ. ಊಟದ ಟೇಬಲ್ ಮೇಲೆ ಯಾರೂ ಕೂರಬಾರದು, ಟೋಪಿ ಇಡಬಾರದು, ಇದು ಬ್ಯಾಂಕ್ವೆಟ್ ಹುಡುಗರಿಗೂ ಮ್ಯಾನೇಜರ್‌ಗಳಿಗೂ ಒಂದೇ ರೂಲು. ಮಾವೋರಿ ಗೆಸ್ಟ್ ರೂಮಿಗೆ ಬಂದಾಗ ಇದನ್ನೆಲ್ಲ ಬಾಯಿಬಿಟ್ಟು ಹೇಳಲ್ಲ, ಆದ್ರೆ ಗಮನಿಸ್ತಾರೆ.

ಎರಡನೇದು ಸ್ವಾಗತ. ದೊಡ್ಡ ಗ್ರೂಪ್ ಬಂದಾಗ ಹಾಕಾ ಇಡೋಣ, ನ್ಯೂಜಿಲೆಂಡಿನ ರಗ್ಬಿ ಟೀಮ್ ಆಲ್ ಬ್ಲ್ಯಾಕ್ಸ್ ಮಾಡೋ 'ಕಾ ಮಾತೆ'ನೇ ಇರಲಿ, ಎಲ್ಲರಿಗೂ ಗೊತ್ತಿರತ್ತೆ ಅಂತ ಮೀಟಿಂಗಲ್ಲಿ ಮಾತು ಬಂತು. ನಾನು ಬೇಡ ಅಂತ ಹಟ ಹಿಡಿದೆ. ಅದು ತೆ ರೌಪರಾಹ ಅನ್ನೋ ಮುಖಂಡ ಕಟ್ಟಿದ್ದು, ನಾತಿ ತೋವಾ ಬುಡಕಟ್ಟಿಗೆ ಸೇರಿದ್ದು, ಅವರ ಹೆಸರು ಹೇಳಬೇಕು ಅಂತ 2014ರಲ್ಲಿ ಕಾನೂನೇ ಬಂದಿದೆ. ರೋಟೊರುವಾ ತೆ ಅರಾವಾ ಅನ್ನೋ ಬೇರೆ ಬುಡಕಟ್ಟಿನ ಜನರ ನೆಲ. ಇವರ ಊರಲ್ಲಿ ನಿಂತು ಬೇರೆಯವರ ಹಾಕಾ ಹಾಕಿ ಗೆಸ್ಟನ್ನ ಬರಮಾಡಿಕೊಳ್ಳೋದು ಯಾವ ನ್ಯಾಯ? ಹಾಗಾಗಿ ಊರಿನ ಹಿರಿಯರೊಬ್ಬರನ್ನ ಕೇಳಿದ್ವಿ. ಅವರು ಪೂರ್ತಿ ಪೋಫಿರಿ (ವಿಧಿವತ್ತಾದ ದೊಡ್ಡ ಸ್ವಾಗತ) ಬೇಡ, ಅದು ಮರಾಯ್ ಅಂಗಳಕ್ಕೆ, ಅಂದ್ರೆ ಬುಡಕಟ್ಟಿನವರು ಸೇರೋ ಜಾಗಕ್ಕೆ ಸರಿ, ನಿಮ್ಮಲ್ಲಿ ಚಿಕ್ಕದಾಗಿ ಮಿಹಿ ಫಕತಾವ್ (ಸರಳ ಸ್ವಾಗತ) ಸಾಕು ಅಂದ್ರು. ಅದರಂತೆ ಮಾತು, ಮಾತಿನ ಹಿಂದೆ ಒಂದು ಹಾಡು, ಒಪ್ಪೋರಿಗೆ ಹೊಂಗಿ ಅಂದ್ರೆ ಮೂಗಿಗೆ ಮೂಗು ತಾಗಿಸಿ ಉಸಿರು ಹಂಚಿಕೊಳ್ಳೋದು, ಕೊನೆಗೆ ತಿಂಡಿ. ತಿಂಡಿ ಬಿಟ್ರೆ ಸ್ವಾಗತ ಮುಗಿದ ಹಾಗಲ್ಲ, ಹಾಗಾಗಿ ಬಜೆಟ್ ಕಮ್ಮಿ ಇದ್ದಾಗ ಬೇರೇನಾದ್ರೂ ಕಟ್ ಮಾಡ್ತೀವಿ, ತಿಂಡಿನ ಅಲ್ಲ. ಹಾಡೋದು ಸ್ಟಾಫೇ: ಮಲಯಾಳಿ, ಫಿಲಿಪಿನೋ, ನಾನು, ಎಲ್ಲರೂ. ಕನ್ನಡದವರಿಗೆ ಉಚ್ಚಾರಣೆ ಕಷ್ಟ ಇಲ್ಲ, ಹ್ರಸ್ವ ದೀರ್ಘ ನಮ್ಮ ನಾಲಿಗೇಲಿ ಮೊದಲೇ ಇದೆ.

ನನ್ನ ಮನಸ್ಸಲ್ಲಿ ಗಟ್ಟಿಯಾಗಿ ಉಳಿದಿರೋದು ಬೇರೆ. ಒಂದು ಸಲ ವಯಸ್ಸಾದ ಗೆಸ್ಟ್ ಒಬ್ಬರು ರೂಮಲ್ಲೇ ನಿದ್ದೆಯಲ್ಲಿ ತೀರಿಕೊಂಡ್ರು. ಪೊಲೀಸ್, ಡಾಕ್ಟರ್ ಎಲ್ಲ ಮುಗಿದ ಮೇಲೂ ನಮ್ಮ ಹುಡುಗಿಯರು ಆ ಕಾರಿಡಾರಿಗೇ ಹೋಗ್ತಿರಲಿಲ್ಲ. ಅದೇ ಹಿರಿಯರನ್ನ ಕರೆದ್ವಿ. ಅವರು ಬಾಗಿಲಲ್ಲಿ ನಿಂತು ಕರಕಿಯಾ ಅಂದ್ರೆ ಪ್ರಾರ್ಥನೆ ಹೇಳ್ತಾ ಒಳಗೆ ಹೋದ್ರು, ಮೂಲೆ ಮೂಲೆಗೂ, ಬಾತ್‌ರೂಮಿಗೂ ನೀರು ಚಿಮುಕಿಸಿದ್ರು, ಹಿಂದೆ ನಾವೆಲ್ಲ ನಡೆದ್ವಿ, ಆಮೇಲೆ ಸ್ಟಾಫ್ ರೂಮಲ್ಲಿ ಎಲ್ಲರಿಗೂ ಟೀ, ಬಿಸ್ಕೆಟ್ಟು. ಅವತ್ತೇ ಆ ರೂಮಿನ ಹಾಸಿಗೆ ಹಾಕಿದ್ದು ಅತಿ ಹೆಚ್ಚು ಹೆದರಿದ್ದ ಹುಡುಗಿ. ಈಗ ಇಂಥದ್ದಾದ್ರೆ ಕರಕಿಯಾ ಆಗದೆ ರೂಮನ್ನ ಬುಕಿಂಗ್‌ಗೆ ಬಿಡಲ್ಲ, ಎಸ್‌ಒಪಿಲೇ (ಹೋಟೆಲಿನ ಕೆಲಸದ ಕ್ರಮದ ಬರಹದಲ್ಲೇ) ಬರೆದಿದೀವಿ.

ಇನ್ನು ದುಡ್ಡಿನ ವಿಷಯ. ಹಿರಿಯರಿಗೆ ಕೊಡೋ ಕೋಹಾನ (ಕಾಣಿಕೆ) ಮೊದಲು ಎಂಟರ್‌ಟೈನ್‌ಮೆಂಟ್ ಖರ್ಚಲ್ಲಿ ತೋರಿಸ್ತಿದ್ರು, ನನಗೆ ಅದು ತುಂಬಾ ಬೇಜಾರಾಗ್ತಿತ್ತು. ಅಕೌಂಟ್ಸ್ ಜೊತೆ ಕೂತು ಅವರಿಗೇ ಒಂದು ಬೇರೆ ಹೆಡ್ ಮಾಡಿಸಿದೆ, ವರ್ಷದ ಬಜೆಟ್ಟಲ್ಲಿ ಈಗ ಅದು ಲಿನನ್ ಖರ್ಚಿನ ಹಾಗೇ ಖಾಯಂ.