ಹಳೆಯ ಕ್ಯಾಮರೊಗೆ ಅಗಲವಾದ ಚಕ್ರ: ಕೊಳ್ಳುವ ಮೊದಲು ಅಳೆಯಿರಿ

1967ರಿಂದ 1969ರವರೆಗಿನ ಷೆವರ್ಲೆ ಕ್ಯಾಮರೊ ಕಾರಿಗೆ ಅಗಲವಾದ ಚಕ್ರ ಹಾಕಿಸುವವರು, ಐದು ಬೋಲ್ಟುಗಳು ಕೂರುವ 4.75 ಇಂಚು ವ್ಯಾಸದ ವೃತ್ತ ಹೊಂದಿಕೊಂಡರೆ ಸಾಕೆಂದು ಭಾವಿಸಬಾರದು. ನಿಜವಾದ ತೊಡಕಿರುವುದು ಬ್ಯಾಕ್‌ಸ್ಪೇಸಿಂಗ್‌ನಲ್ಲಿ, ಅಂದರೆ ರಿಮ್ಮು, ಚಕ್ರವನ್ನು ಹಿಡಿದಿಡುವ ಹಬ್‌ಗೆ ಕೂರುವ ಮುಖದಿಂದ ಅದರ ಒಳ ಅಂಚಿನವರೆಗಿನ ಅಂತರದಲ್ಲಿ. ಅದು ಹೆಚ್ಚಾದರೆ ಹಿಂದಿನ ಟೈರು ಒಳಬದಿಯ ಲೀಫ್ ಸ್ಪ್ರಿಂಗಿಗೆ (ಉಕ್ಕಿನ ಪಟ್ಟಿಗಳ ಸ್ಪ್ರಿಂಗು) ಉಜ್ಜುತ್ತದೆ, ಕಡಿಮೆಯಾದರೆ ಚಕ್ರದ ಮೇಲಿನ ಫೆಂಡರಿನ ಅಂಚಿಗೆ. ಟೈರು ಕೂರುವ ಜಾಗದಲ್ಲಿ 8 ಇಂಚು ಅಗಲವಿರುವ ರಿಮ್ಮಿನ ಹೊರ ಅಗಲ ಸುಮಾರು 9 ಇಂಚು ಇರುತ್ತದೆಂಬುದನ್ನು ಹಲವರು ಲೆಕ್ಕಕ್ಕೇ ಹಿಡಿಯುವುದಿಲ್ಲ. ಆಕ್ಸಲ್ಲಿನ ಅಡಿಗೆ ಸ್ಟ್ಯಾಂಡ್ ಕೊಟ್ಟು, ಕಾರಿನ ಭಾರ ಸ್ಪ್ರಿಂಗುಗಳ ಮೇಲೆ ಬೀಳುವಂತೆ ಮಾಡಿ, ಚಕ್ರಕ್ಕಿರುವ ಜಾಗವನ್ನು ಎಡಬಲಗಳೆರಡರಲ್ಲೂ ಬೇರೆಬೇರೆಯಾಗಿ ಅಳೆಯಿರಿ; ಇಷ್ಟು ಹಳೆಯ ಕಾರಿನಲ್ಲಿ ಎರಡೂ ಒಂದೇ ಆಗಿರಬೇಕೆಂದಿಲ್ಲ. ಮುಂದಿನ ಚಕ್ರಗಳಿಗಾದರೆ ಸ್ಟೀರಿಂಗನ್ನು ಎರಡೂ ಕಡೆ ಕೊನೆಯವರೆಗೆ ತಿರುಗಿಸಿ ನೋಡಬೇಕು. ದುಬಾರಿಯಾದರೂ, ಹಬ್ಬಿಗೂ ರಿಮ್ಮಿಗೂ ನಡುವೆ ಸ್ಪೇಸರ್ ಎಂಬ ಬಿಲ್ಲೆ ಸೇರಿಸಿ ಹೊಂದಿಸುವುದಕ್ಕಿಂತ ಸರಿಯಾದ ಅಳತೆಯ ರಿಮ್ಮು ತರಿಸುವುದೇ ಮೇಲು.