ಮೊದಲ ದಿನವೇ ಸೂಜಿ, ಮಲಗುವ ಮುಂಚೆ ಹಾಲು-ರೊಟ್ಟಿ

ಕಲಬುರಗಿಯ ಒಂದು ಆಸ್ಪತ್ರೆಯ ಮೆಡಿಸಿನ್ ವಾರ್ಡಿನಲ್ಲಿ ಕೆಲಸ ಮಾಡುತ್ತೇನೆ. ಕುಡಿದು ಲಿವರ್ ಕೆಟ್ಟು, ಹೊಟ್ಟೆಯಲ್ಲಿ ನೀರು ತುಂಬಿ, ಕಣ್ಣು ಹಳದಿಯಾಗಿ ಬಂದವರು ನಮ್ಮ ವಾರ್ಡಿನಲ್ಲಿ ಇಲ್ಲದ ದಿನವಿಲ್ಲ.

ಅವರಲ್ಲಿ ಒಬ್ಬರು ಮನಸ್ಸಿನಿಂದ ಹೋಗುತ್ತಿಲ್ಲ. ಶನಿವಾರ ಸಂಜೆ ಬಂದರು. ಜ್ವರ ಇಲ್ಲ, ಹೊಟ್ಟೆನೋವೂ ಇಲ್ಲ. ರಕ್ತ ಹೆಪ್ಪುಗಟ್ಟೋದನ್ನು ತೋರಿಸುವ ಐಎನ್‌ಆರ್ 2.1ಕ್ಕೆ ಏರಿತ್ತು, ಅಂದರೆ ರಕ್ತ ಹೆಪ್ಪುಗಟ್ಟೋದು ನಿಧಾನ. ಹೊಟ್ಟೆಗೆ ಸೂಜಿ ಹಾಕಿ ರಕ್ತ ನಿಲ್ಲದೇ ಹೋದರೆ ಅಂತ ಹೆದರಿ, ಸೋಂಕು ಇದೆಯಾ ಅಂತ ನೋಡಲು ನೀರು ತೆಗೆಯೋದನ್ನು ಸೋಮವಾರಕ್ಕೆ ಬಿಟ್ಟೆ. ಭಾನುವಾರ ರಾತ್ರಿ ಮೂತ್ರ ಕಡಿಮೆಯಾಯಿತು, ಮಾತು ತೊದಲಿತು. ಸೋಮವಾರ ತೆಗೆದ ನೀರು ನೀರುಮಜ್ಜಿಗೆ ಥರ ಮಬ್ಬಾಗಿತ್ತು, ಸೋಂಕು ತಗುಲಿತ್ತು. ಬುಧವಾರ ತೀರಿಕೊಂಡರು.

ಈಗ ಅಡ್ಮಿಟ್ ಆದ ದಿನವೇ ಸೂಜಿ ಹಾಕುತ್ತೇನೆ, ಆ್ಯಂಟಿಬಯಾಟಿಕ್ ಶುರು ಮಾಡುವ ಮುಂಚೆಯೇ. ಐಎನ್‌ಆರ್ ಜಾಸ್ತಿ ಇದ್ದರೂ ಇದರಿಂದ ದೊಡ್ಡ ರಕ್ತಸ್ರಾವ ಆಗೋದು ತೀರಾ ಅಪರೂಪ. 10 ಮಿಲಿ ನೀರು ಮಂಚದ ಪಕ್ಕದಲ್ಲೇ, ರೋಗಾಣು ಬೆಳೆಯುತ್ತಾ ಅಂತ ನೋಡುವ ಕಲ್ಚರ್ ಬಾಟಲಿಗೆ, ಇನ್ನಷ್ಟು ಸೆಲ್ ಕೌಂಟ್‌ಗೆ. ಸೋಂಕಿನ ಜೊತೆ ಹೋರಾಡುವ ಬಿಳಿ ಕಣ ನ್ಯೂಟ್ರೋಫಿಲ್ ಒಂದು ಘನ ಮಿಲಿಮೀಟರ್ ನೀರಿನಲ್ಲಿ 250 ದಾಟಿದರೆ ಕಲ್ಚರ್ ರಿಪೋರ್ಟ್ ಕಾಯೋದಿಲ್ಲ. ಆ್ಯಂಟಿಬಯಾಟಿಕ್ ಜೊತೆ ಕಿಡ್ನಿ ಉಳಿಸಲು ಆಲ್ಬುಮಿನ್ ಅನ್ನೋ ರಕ್ತದ ಪ್ರೋಟೀನನ್ನು ಡ್ರಿಪ್‌ನಲ್ಲಿ ಕೊಡುತ್ತೇವೆ. ಅದರ ಬೆಲೆ ಕೇಳಿ ಮನೆಯವರು ಮುಖ ಮುಖ ನೋಡಿಕೊಳ್ಳುತ್ತಾರೆ.

ಇನ್ನೊಂದು ಜಗಳ ಊಟದ್ದು. "ಕಾಮಣಿ ಆಗ್ಯಾದ್ರೀ ಸರ್, ಬರೀ ಗಂಜಿ ಕೊಡ್ಲತ್ತೀವಿ" ಅನ್ನುತ್ತಾರೆ. ರೋಗಿಯ ತೋಳು ನೋಡಿದರೆ ಜೋಳದ ದಂಟು! ಹೊಟ್ಟೆಯ ನೀರಿನ ತೂಕದಲ್ಲಿ ಮೈ ಸೊರಗಿದ್ದೇ ಕಾಣೋದಿಲ್ಲ. "ಗಂಜಿ ಬಿಡ್ರಿ ಅಕ್ಕಾರೆ, ಬ್ಯಾಳಿ ಕೊಡ್ರಿ, ತತ್ತಿ ಕೊಡ್ರಿ, ಉಪ್ಪು ಅಷ್ಟೇ ಕಮ್ಮಿ ಮಾಡ್ರಿ" ಅಂತ ನಾನು. ದಿನಕ್ಕೆ ಕೆಜಿ ತೂಕಕ್ಕೆ 1.2ರಿಂದ 1.5 ಗ್ರಾಂ ಪ್ರೋಟೀನ್ ಬೇಕು. ರಾತ್ರಿ ಮಲಗುವ ಮುಂಚೆ ಹಾಲಿನಲ್ಲಿ ರೊಟ್ಟಿ ಮುರಿದು ತಿನ್ನಲೇಬೇಕು. ಕೆಟ್ಟ ಲಿವರಿನಲ್ಲಿ ಸಕ್ಕರೆಯ ದಾಸ್ತಾನು ಇರೋದಿಲ್ಲ. ಒಂದು ರಾತ್ರಿ ಖಾಲಿ ಹೊಟ್ಟೆ ಅಂದರೆ ಅವರಿಗೆ ನಮ್ಮ ಎರಡು-ಮೂರು ದಿನದ ಉಪವಾಸ ಇದ್ದಂಗೆ. ಆಗ ಮೈಯ ಮಾಂಸವೇ ಕರಗುತ್ತದೆ.

ಕುಡಿತ ನಿಂತ ಎರಡು-ಮೂರನೇ ದಿನದ ನಡುಕ, ಗೋಡೆ ಮೇಲೆ ಹುಳ ಕಾಣೋದು, ಇದಕ್ಕೆಲ್ಲ ಈಗ ನರ್ಸ್‌ಗಳೇ ನನಗಿಂತ ಮುಂಚೆ ತಯಾರಿರುತ್ತಾರೆ.

ಮೊದಲು ಡಿಸ್ಚಾರ್ಜ್ ಚೀಟಿಯಲ್ಲಿ 'ಕುಡಿಯಬಾರದು' ಅಂತ ಬರೆದು ಸಹಿ ಹಾಕುತ್ತಿದ್ದೆ. ಸುಮ್ನೆ ಶಾಯಿ ದಂಡ. ಅದೇ ಜನ ತಿಂಗಳೊಳಗೆ ರಕ್ತ ವಾಂತಿ ಮಾಡಿಕೊಂಡು ಬರುತ್ತಿದ್ದರು. ಈಗ ಮನೋವೈದ್ಯರನ್ನು ಮಂಚದ ಹತ್ತಿರವೇ ಕರೆಸುತ್ತೇನೆ. ಎಲ್ಲರೂ ಬಿಡೋದಿಲ್ಲ. ಬಿಟ್ಟ ಒಬ್ಬರು ಮೊನ್ನೆ ಆರು ತಿಂಗಳ ಮೇಲೆ ಬಂದಿದ್ದರು. ಬೆಲ್ಟಿಗೆ ಮೊಳೆಯಿಂದ ಎರಡು ಹೊಸ ತೂತು ಹೊಡೆದುಕೊಂಡಿದ್ದರು.