ಮಸ್ಕತ್‌ಗೆ ಹೋಗಲಾ, ಇಲ್ಲೇ ಇರಲಾ: ದೇವರ ಚಿತ್ತ ನೋಡಿಕೊಂಡ ನನ್ನ ಅನುಭವ

ನಮ್ಮ ಚರ್ಚಿನ ಸಭೆಯ ಹುಡುಗಿಯರು ದೇವರ ಚಿತ್ತ ಅಂತ ತಲೆ ಕೆಡಿಸಿಕೊಳ್ಳುವುದು ಎರಡೇ ವಿಷಯಕ್ಕೆ, ಮದುವೆ ಮತ್ತು ಕೆಲಸ. ಮದುವೆ ಬಗ್ಗೆ ನನ್ನನ್ನು ಕೇಳಬೇಡಿ, ನನಗೆ ಅಪ್ಪನೇ ನೋಡಿ ಮಾಡಿದ್ದು. ಕೆಲಸದ್ದು ಹೇಳುತ್ತೇನೆ.

ನಾನು ಹಾಸನದಲ್ಲಿ ಸ್ಟಾಫ್ ನರ್ಸ್. ಮಸ್ಕತ್‌ನ ಒಂದು ಆಸ್ಪತ್ರೆಯ ಇಂಟರ್‌ವ್ಯೂ ಪಾಸಾಗಿತ್ತು. ಸಂಬಳ ಇಲ್ಲಿಗಿಂತ ತುಂಬಾ ಜಾಸ್ತಿ. ಮನೆ ಕಟ್ಟಿದ ಸಾಲ ತೀರಿರಲಿಲ್ಲ, ಮಗ ಹೈಸ್ಕೂಲು, ಅತ್ತೆಗೆ ಆಗಷ್ಟೇ ಡಯಾಲಿಸಿಸ್ ಶುರುವಾಗಿತ್ತು.

ಹೊಸ ವರ್ಷದ ಹಿಂದಿನ ರಾತ್ರಿ ಆರಾಧನೆಯಲ್ಲಿ ಸ್ಟೀಲ್ ತಟ್ಟೆಯಲ್ಲಿ ವಾಗ್ದಾನದ ಕಾರ್ಡ್, ಅಂದರೆ ಒಂದೊಂದು ಬೈಬಲ್ ವಚನ ಬರೆದ ಚೀಟಿ ತರುತ್ತಾರಲ್ವಾ, ಅದರಲ್ಲಿ ನನಗೆ ಬಂದದ್ದು ಬೈಬಲಿನ ಮೊದಲ ಪುಸ್ತಕ ಆದಿಕಾಂಡದ 12:2, ನಿನ್ನನ್ನು ಆಶೀರ್ವದಿಸುತ್ತೇನೆ ಅಂತ ದೇವರು ಅಬ್ರಾಮನಿಗೆ ಹೇಳಿದ್ದು. ಪ್ರಾರ್ಥನೆ ಕೂಟದ ಅಕ್ಕ ಒಬ್ಬರು ಹಿಂದಿನ ವಚನವನ್ನೂ ಓದಿದರು, ಸ್ವದೇಶ ಬಿಟ್ಟು ನಾನು ತೋರಿಸುವ ದೇಶಕ್ಕೆ ಹೋಗು ಅನ್ನುವುದು. "ಇನ್ನೇನು ಬೇಕಮ್ಮ, ಸೂಟ್‌ಕೇಸ್ ರೆಡಿ ಮಾಡು" ಅಂದರು. ಅದೇ ಪುಸ್ತಕದ 26ನೇ ಅಧ್ಯಾಯದಲ್ಲಿ ಅವನ ಮಗ ಇಸಾಕನಿಗೆ ಐಗುಪ್ತಕ್ಕೆ (ಈಜಿಪ್ಟಿಗೆ) ಹೋಗಬೇಡ ಅಂತಲೂ ಇದೆಯಲ್ಲ ಅಕ್ಕ ಅಂದೆ. ಅವರಿಗೆ ಸ್ವಲ್ಪ ಬೇಜಾರಾಯಿತು. ಕಾರ್ಡ್ ಈಗಲೂ ನನ್ನ ಬೈಬಲ್ ಒಳಗಿದೆ, ಪ್ರೀತಿಯಿಂದಲೇ ಇಟ್ಟುಕೊಂಡಿದ್ದೇನೆ. ಆದರೆ ವೀಸಾ ತೀರ್ಮಾನವನ್ನು ಅದರ ತಲೆಗೆ ಕಟ್ಟಲು ಮನಸ್ಸು ಬರಲಿಲ್ಲ. ಬೈಬಲಿನಲ್ಲಿ ಗಿದ್ಯೋನ ಯುದ್ಧಕ್ಕೆ ಹೋಗುವ ಮುಂಚೆ ಕುರಿಯ ತುಪ್ಪಟ ಹಾಸಿ ದೇವರ ಹತ್ತಿರ ಗುರುತು ಕೇಳಲಿಲ್ವಾ ಅನ್ನುತ್ತಾರೆ. ಕೇಳಿದ, ನಿಜ. ಆದರೆ ಏನು ಮಾಡಬೇಕು ಅಂತ ದೇವರು ಅವನಿಗೆ ಮೊದಲೇ ಹೇಳಿಯಾಗಿತ್ತು, ಅವನಿಗೆ ಬೇಕಾಗಿದ್ದು ಧೈರ್ಯ.

ಇದೇ ದೇವರ ಚಿತ್ತ ಅಂತ ಬೈಬಲಿನಲ್ಲಿ ನೇರವಾಗಿ ಎಲ್ಲೆಲ್ಲಿ ಬರೆದಿದೆ ಅಂತ ಹುಡುಕಿಕೊಂಡು ಕೂತೆ. 1 ಥೆಸಲೋನಿಕ 4:3 ಪವಿತ್ರರಾಗಿರಿ ಅನ್ನುತ್ತದೆ. 5:16-18 ಸಂತೋಷವಾಗಿರಿ, ಬಿಡದೆ ಪ್ರಾರ್ಥಿಸಿ, ಎಲ್ಲದರಲ್ಲೂ ಕೃತಜ್ಞತೆ ಹೇಳಿ ಅನ್ನುತ್ತದೆ. ಮಸ್ಕತ್ ಸುದ್ದಿಯೇ ಇಲ್ಲ! ಇದನ್ನೆಲ್ಲ ಅಲ್ಲೂ ಮಾಡಬಹುದು, ಇಲ್ಲೂ ಮಾಡಬಹುದು. ಇಂಥ ಊರಿಗೆ ಹೋಗಿ ಒಂದು ವರ್ಷ ಇದ್ದು ಲಾಭ ಮಾಡೋಣ ಅನ್ನುವವರಿಗೆ ಯಾಕೋಬ ಕೂಡ ತನ್ನ ಪತ್ರಿಕೆಯಲ್ಲಿ ಹೋಗಬೇಡಿ ಅನ್ನುವುದಿಲ್ಲ, ಕರ್ತನ ಚಿತ್ತವಾದರೆ ಅಂತ ಸೇರಿಸಿ ಹೇಳಿ ಅನ್ನುತ್ತಾನೆ, ಅಷ್ಟೇ. ನನ್ನನ್ನು ನಿಲ್ಲಿಸಿದ್ದು ಮಾರ್ಕನ ಸುವಾರ್ತೆಯ 7ನೇ ಅಧ್ಯಾಯ. ಇದು ದೇವರಿಗೆ ಕೊಟ್ಟದ್ದು ಅಂತ ಹೇಳಿ ತಂದೆತಾಯಿಗೆ ಏನೂ ಮಾಡದೆ ಜಾರಿಕೊಳ್ಳುವವರಿಗೆ ಯೇಸು ಬೈಯುವ ಭಾಗ. ದುಡ್ಡು ನಾನು ಕಳಿಸಬಹುದಿತ್ತು. ಆದರೆ ಅತ್ತೆ ಕದ್ದು ನೀರು ಕುಡಿಯುತ್ತಾರೆ. ರಾತ್ರಿ ಕಣಕಾಲಿನ ಹತ್ತಿರ ಹೆಬ್ಬೆರಳು ಒತ್ತಿ ನೋಡುತ್ತೇನೆ, ಗುಳಿ ಬಿದ್ದು ಹಾಗೇ ನಿಂತರೆ ಮೈಯಲ್ಲಿ ನೀರು ತುಂಬಿದೆ ಅಂತ ಅರ್ಥ. ಮನೆಯವರು ಬೆಳಗಿನ ಜಾವವೇ ಗೂಡ್ಸ್ ಆಟೋ ತೆಗೆದುಕೊಂಡು ಹೋಗುತ್ತಾರೆ. ಇದನ್ನು ಯಾರು ನೋಡುತ್ತಾರೆ?

ನಮ್ಮ ಅಯ್ಯನವರ, ಅಂದರೆ ಸಭೆಯ ಪಾದ್ರಿಯವರ ಹತ್ತಿರ ಹೋದೆ. ಹೋಗು, ಬೇಡ ಎರಡೂ ಅನ್ನಲಿಲ್ಲ. "ಸಾಲ ಇಲ್ಲದಿದ್ದರೂ ಹೋಗ್ತಿದ್ಯೇನಮ್ಮ?" ಅಂತ ಕೇಳಿದರು. ಹೂಂ ಅಂದೆ, ಯೋಚನೆಯೇ ಮಾಡದೆ. ಆಸೆ ಇರುವುದು ಪಾಪ ಅಲ್ಲ, ಆದರೆ ಸಾಲವನ್ನು ಮುಂದೆ ಇಟ್ಟುಕೊಂಡು ಪ್ರಾರ್ಥಿಸುತ್ತಿದ್ದೆ ಅಂತ ಅವತ್ತು ಗೊತ್ತಾಯಿತು. ಆಮೇಲೆ ಅತ್ತೆಯನ್ನೂ ಕೇಳಿದೆ. "ಹೋಗವ್ವ, ನನಗೋಸ್ಕರ ನಿಂತ್ಕಬೇಡ" ಅಂದರು. ಬೇಡ ಅಂದಿದ್ದರೆ ಸುಲಭ ಆಗುತ್ತಿತ್ತು.

ಹೋಗಲಿಲ್ಲ. ಆಕಾಶದಿಂದ ಯಾವ ದನಿಯೂ ಬರಲಿಲ್ಲ, ಗಂಡ ಹೆಂಡತಿ ಕೂತು ಪ್ರಾರ್ಥನೆ ಮಾಡಿ ತೀರ್ಮಾನ ಮಾಡಿದೆವು. ಏಜೆಂಟ್‌ಗೆ ಕೊಟ್ಟ ಅಡ್ವಾನ್ಸ್ ವಾಪಸ್ ಬರಲಿಲ್ಲ. ದೇವರ ಚಿತ್ತದಂತೆ ನಡೆದರೆ ಎಲ್ಲ ಸಲೀಸು ಅನ್ನುವವರು ಅಪೊಸ್ತಲರ ಕೃತ್ಯಗಳು 16 ಓದಬೇಕು. ಪೌಲನಿಗೆ ಮಕೆದೋನ್ಯಕ್ಕೆ ಬಾ ಅಂತ ದರ್ಶನವೇ ಆಗಿತ್ತು, ಅಲ್ಲಿಗೆ ಹೋದರೆ ಫಿಲಿಪ್ಪಿಯಲ್ಲಿ ಏಟು, ಸೆರೆಮನೆ. ಹಾಗೇ ಆದದ್ದಕ್ಕೆಲ್ಲ ಸುಮ್ನೆ ದೇವರ ಚಿತ್ತ ಅನ್ನುವುದೂ ನನಗೆ ಹಿಡಿಸುವುದಿಲ್ಲ. ಶೆಟ್ಟಿಹಳ್ಳಿಯಲ್ಲಿ ಹೇಮಾವತಿ ಹಿನ್ನೀರಿಗೆ ಮುಳುಗುವ ಚರ್ಚಿನ ಫೋಟೋ ಎಲ್ಲರೂ ತೆಗೆಯುತ್ತಾರೆ, ಆ ನೀರಿನಿಂದಾಗಿ ಊರು ಬಿಟ್ಟು ಹೋದವರ ಮುಂದೆ ನಿಂತು ಆ ಮಾತು ಹೇಳಲು ನನಗಂತೂ ಬಾಯಿ ಬರುವುದಿಲ್ಲ.

ನನ್ನ ಜೊತೆ ಪಾಸಾದ ಹುಡುಗಿ ಹೋದಳು, ಚೆನ್ನಾಗಿದ್ದಾಳೆ. ಅವಳು ಹೋದದ್ದೂ ದೇವರ ಚಿತ್ತವೇ ಇರಬಹುದು. ನಾವು ಬ್ಯಾಂಕಿನಲ್ಲಿ ಕೇಳಿ ಕಂತಿನ ಅವಧಿ ಜಾಸ್ತಿ ಮಾಡಿಸಿಕೊಂಡೆವು, ಬಡ್ಡಿಯೂ ಜಾಸ್ತಿ ಆಯಿತು. ಪಾಸ್‌ಪೋರ್ಟ್ ಮಾತ್ರ ರಿನ್ಯೂವಲ್‌ಗೆ ಹಾಕಿದ್ದೇನೆ.